ಹೃದಯದಲ್ಲಿ ರಂಧ್ರ, ಶ್ವಾಸಕೋಶದಲ್ಲಿ ಒತ್ತಡ: ಕಾಯುವುದೋ, ಡಿವೈಸೋ, ಆಪರೇಷನ್ನೋ, ಮಾತ್ರೆಯೋ?

ಎಕೋ (ಹೃದಯದ ಸ್ಕ್ಯಾನ್) ವರದಿ ಕೈಗೆ ಬಂದ ಸಂಜೆಯೇ ಮನೆಯಲ್ಲಿ ನಾಲ್ಕು ಅಭಿಪ್ರಾಯ ಹುಟ್ಟಿಕೊಳ್ಳುತ್ತವೆ. ‘ಸಣ್ಣ ಮಕ್ಕಳಲ್ಲಿ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತೆ, ಸುಮ್ಮನೆ ಕಾಯಿರಿ’ ಎಂದು ಒಬ್ಬರು. ‘ಈಗೆಲ್ಲ ಎದೆ ಕೊಯ್ಯೋದೇ ಬೇಡ, ತೊಡೆಯಿಂದ ರಂಧ್ರ ಮುಚ್ಚೋ ಡಿವೈಸ್ ಹಾಕ್ತಾರೆ’ ಎಂದು ಇನ್ನೊಬ್ಬರು. ‘ಮಗು ಹತ್ತು ಕೆಜಿ ಆಗಲಿ, ಆಮೇಲೆ ಆಪರೇಷನ್ ನೋಡೋಣ’ ಎಂದು ಮತ್ತೊಬ್ಬರು. ‘ಒತ್ತಡಕ್ಕೆ ಮಾತ್ರೆ ಇದೆಯಂತೆ’ ಎಂಬುದು ನಾಲ್ಕನೆಯದು. ನಾಲ್ಕೂ ಯಾವುದೋ ಒಂದು ಮಗುವಿನ ಮಟ್ಟಿಗೆ ಸರಿ. ಬೇರೆ ಮಗುವಿಗೆ ಹಚ್ಚಿದರೆ ನಾಲ್ಕೂ ಅಪಾಯ. ಯಾವುದು ಯಾರಿಗೆ ಎಂದು ತೂಗಿ ನೋಡಲು ಬೇಕಾದ ಅಳತೆಗಳನ್ನು ಮೊದಲು ಹೇಳಿ, ಆಮೇಲೆ ಒಂದೊಂದೇ ದಾರಿಯನ್ನು ನೋಡೋಣ.

ಹೃದಯದ ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ದೂಡುತ್ತದೆ, ಎಡಭಾಗ ಮೈಗೆಲ್ಲ ದೂಡುತ್ತದೆ. ಶ್ವಾಸಕೋಶದ ಅಪಧಮನಿಯಲ್ಲಿ ಸರಾಸರಿ ಒತ್ತಡ ಸಾಮಾನ್ಯವಾಗಿ 14 ಮಿ.ಮೀ. ಪಾದರಸದ ಆಸುಪಾಸಿನಲ್ಲಿರುತ್ತದೆ. 20 ದಾಟಿದರೆ ಅದನ್ನು ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಇದಲ್ಲ. ಅದು ನೂರಕ್ಕೆ ನೂರು ಸರಿಯಿದ್ದೂ ಇದು ಕೆಟ್ಟಿರಬಹುದು. ಎಡ ಬಲಗಳ ನಡುವೆ ರಂಧ್ರವಿದ್ದಾಗ ಒತ್ತಡ ಹೆಚ್ಚಿರುವ ಎಡದಿಂದ ರಕ್ತ ಬಲಕ್ಕೆ ನುಗ್ಗುತ್ತದೆ. ಒಂದು ಪಾಲು ರಕ್ತ ಹೋಗಬೇಕಾದ ಶ್ವಾಸಕೋಶಕ್ಕೆ ಎರಡು, ಮೂರು ಪಾಲು ಹೋಗುತ್ತದೆ. ಆ ಭಾರ ಹೊರಲು ಅಲ್ಲಿನ ಸಣ್ಣ ರಕ್ತನಾಳಗಳು ತಮ್ಮ ಸ್ನಾಯುಪದರವನ್ನು ದಪ್ಪ ಮಾಡಿಕೊಳ್ಳುತ್ತವೆ. ಮುಂದೆ ಒಳಪೊರೆ ಬೆಳೆದು ನಾಳ ಕಿರಿದಾಗುತ್ತದೆ, ಕೊನೆಗೆ ಕಲೆಗಟ್ಟಿ ಗಡುಸಾಗುತ್ತದೆ. ಈ ಬದಲಾವಣೆಯನ್ನು 1958ರಲ್ಲಿ ಹೀತ್ ಮತ್ತು ಎಡ್ವರ್ಡ್ಸ್ ಆರು ಹಂತಗಳಾಗಿ ಗುರುತಿಸಿದರು. ಮೊದಲ ಹಂತಗಳಲ್ಲಿ ರಂಧ್ರ ಮುಚ್ಚಿದರೆ ನಾಳಗಳು ಮತ್ತೆ ಮೃದುವಾಗುತ್ತವೆ, ಕೊನೆಯ ಹಂತಗಳಿಂದ ಹಿಂದಕ್ಕೆ ಬರುವ ದಾರಿಯಿಲ್ಲ. ರಕ್ತದ ಹರಿವಿಗೆ ಶ್ವಾಸಕೋಶದ ನಾಳಗಳು ಒಡ್ಡುವ ತಡೆ ಮೈಯ ನಾಳಗಳ ತಡೆಯನ್ನೂ ಮೀರಿದಾಗ ರಂಧ್ರದಲ್ಲಿ ರಕ್ತ ದಿಕ್ಕು ಬದಲಿಸಿ ಬಲದಿಂದ ಎಡಕ್ಕೆ ಹರಿಯುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. 1897ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ಇಂಥ ರೋಗಿಯೊಬ್ಬರನ್ನು ವಿವರಿಸಿದ್ದರಿಂದ ಇದಕ್ಕೆ ಐಸೆನ್‌ಮೆಂಗರ್ ಸಿಂಡ್ರೋಮ್ ಎಂದೇ ಹೆಸರು.

ತೂಗಿ ನೋಡಲು ಬೇಕಾದ ಅಳತೆಗಳು

ಮೊದಲನೆಯದು ರಂಧ್ರದ ಜಾಗ. ಮೇಲಿನ ಎರಡು ಕೋಣೆಗಳ ನಡುವಿನದು ಎಎಸ್‌ಡಿ. ಅಲ್ಲಿ ಎರಡೂ ಕಡೆ ಒತ್ತಡ ಕಡಿಮೆ, ಹಾಗಾಗಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚಿನ ರಕ್ತ ಮಾತ್ರ, ಹೆಚ್ಚಿನ ರಭಸವಲ್ಲ. ದಶಕಗಟ್ಟಲೆ ತಡೆದುಕೊಳ್ಳುವವರೇ ಬಹಳ. ಒತ್ತಡ ಏರುವುದು ಒಂದು ಪಾಲು ಜನರಲ್ಲಿ, ಅದೂ ಹೆಚ್ಚಾಗಿ ದೊಡ್ಡವರಾದ ಮೇಲೆ. ಕೆಳಗಿನ ಕೋಣೆಗಳ ನಡುವಿನದು ವಿಎಸ್‌ಡಿ. ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ಹುಟ್ಟಿದ ಮೇಲೂ ಮುಚ್ಚದೆ ಉಳಿದ ನಾಳ ಪಿಡಿಎ. ಇವೆರಡು ದೊಡ್ಡದಿದ್ದರೆ ಎಡಭಾಗದ ಪೂರ್ತಿ ರಭಸವೇ ಶ್ವಾಸಕೋಶದ ನಾಳಗಳಿಗೆ ಬಡಿಯುತ್ತದೆ, ಎರಡು ವರ್ಷ ತುಂಬುವುದರೊಳಗೆ ಹಾನಿ ಕಾಯಂ ಆಗಬಹುದು. ಮೇಲಿನ ಕೆಳಗಿನ ಗೋಡೆ ಎರಡೂ ಸೇರಿಯೇ ತೆರೆದಿರುವ ಎವಿಎಸ್‌ಡಿಯಲ್ಲಿ ಇನ್ನೂ ಬೇಗ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಹೆಚ್ಚು, ಅವರ ಶ್ವಾಸಕೋಶದ ನಾಳಗಳು ಬೇರೆ ಮಕ್ಕಳಿಗಿಂತ ಮುಂಚೆಯೇ ಗಡುಸಾಗುತ್ತವೆ. ‘ಡೌನ್ ಮಗು, ಅವಸರವೇನು’ ಎನ್ನುವ ಮಾತು ಕೇಳಿಬಂದರೆ ಅದನ್ನು ಒಪ್ಪಬೇಡಿ. ಅವಸರ ಇರುವುದೇ ಆ ಮಗುವಿಗೆ.

ಎರಡನೆಯದು ಎಕೋದಲ್ಲಿ ಬರುವ ಒಂದು ಸಂಖ್ಯೆ. ವಿಎಸ್‌ಡಿ ವರದಿಯಲ್ಲಿ ‘ಗ್ರೇಡಿಯೆಂಟ್’ ಎಂದು ಬರೆದಿರುತ್ತಾರೆ, ಅಂದರೆ ಎರಡು ಕೋಣೆಗಳ ಒತ್ತಡದ ವ್ಯತ್ಯಾಸ. ಮಗುವಿನ ತೋಳಿನ ಬಿಪಿಯ ಮೇಲಿನ ಸಂಖ್ಯೆ 90, ಗ್ರೇಡಿಯೆಂಟ್ 70 ಎಂದುಕೊಳ್ಳಿ. ಬಲಗೋಣೆಯ ಒತ್ತಡ ಅಂದಾಜು 20. ರಂಧ್ರ ಸಣ್ಣದು, ಶ್ವಾಸಕೋಶ ಕ್ಷೇಮ. ಅದೇ ಗ್ರೇಡಿಯೆಂಟ್ 15 ಇದ್ದರೆ ಬಲಗೋಣೆಯ ಒತ್ತಡ 75, ಅಂದರೆ ಮೈಯ ಒತ್ತಡದ ಹತ್ತಿರ ಹತ್ತಿರ. ಸಂಖ್ಯೆ ದೊಡ್ಡದಿದ್ದರೆ ಭಯಪಡುವ, ಚಿಕ್ಕದಿದ್ದರೆ ಸಮಾಧಾನಪಡುವ ಅಭ್ಯಾಸ ಇಲ್ಲಿ ತಲೆಕೆಳಗಾಗುತ್ತದೆ. ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದೂ ಹಾಗೆಯೇ: ಸಣ್ಣ ರಂಧ್ರದ ಸದ್ದು ಜೋರು, ದೊಡ್ಡದರದ್ದು ಮೆತ್ತಗೆ. ಶ್ವಾಸಕೋಶದ ಕವಾಟ ಕಿರಿದಾಗಿದ್ದರೆ ಈ ಕಳೆಯುವ ಲೆಕ್ಕ ಹೊಂದುವುದಿಲ್ಲ. ಎಎಸ್‌ಡಿಯಲ್ಲಿ ಬಲಗಡೆಯ ಕವಾಟದ ಸೋರಿಕೆಯ ವೇಗದಿಂದ ಅಂದಾಜು ಕಟ್ಟುತ್ತಾರೆ. ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ ವರ್ಗ ಮಾಡಿ ನಾಲ್ಕರಿಂದ ಗುಣಿಸಿದಾಗ 64; ಅದಕ್ಕೆ ಮೇಲಿನ ಕೋಣೆಯ 5ರಿಂದ 10 ಸೇರಿಸಿ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಮತ್ತು ಇದನ್ನೇ ಹೆಚ್ಚಿನ ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಒತ್ತಡ ಏರಿದೆ ಎಂದರೆ ನಾಳ ಕೆಟ್ಟಿದೆ ಎಂದೇ ಅಲ್ಲ. ರಕ್ತ ಬಹಳ ಹರಿಯುತ್ತಿರುವುದರಿಂದಲೂ ಏರಬಹುದು, ನಾಳ ಗಡುಸಾಗಿರುವುದರಿಂದಲೂ ಏರಬಹುದು. ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಶ್ವಾಸಕೋಶದ ಸರಾಸರಿ ಒತ್ತಡ 50, ಎಡ ಮೇಲಿನ ಕೋಣೆಯದು 10, ವ್ಯತ್ಯಾಸ 40. ಮೊದಲ ಮಗುವಿನ ಶ್ವಾಸಕೋಶಕ್ಕೆ ಮೈಯ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 12 ಲೀಟರ್ ರಕ್ತ ಹೋಗುತ್ತಿದೆ. 40ನ್ನು 12ರಿಂದ ಭಾಗಿಸಿದರೆ ತಡೆ 3.3 ವುಡ್ ಯೂನಿಟ್ (ಈ ತಡೆಯನ್ನು ಅಳೆಯುವ ಮಾನ). ಎರಡನೆಯ ಮಗುವಿಗೆ ಹೋಗುತ್ತಿರುವುದು 4 ಲೀಟರ್, ತಡೆ 10. ಮೊದಲ ಮಗುವಿನ ರಂಧ್ರ ಮುಚ್ಚಿದರೆ ಒತ್ತಡ ಇಳಿಯುತ್ತದೆ. ಎರಡನೆಯ ಮಗುವಿನದನ್ನು ಮುಚ್ಚಿದರೆ ಜೀವಕ್ಕೇ ಕುತ್ತು. ಎಕೋದಲ್ಲಿ ಮಾತ್ರ ಇಬ್ಬರಿಗೂ ‘ಸಿವಿಯರ್ ಪಿಎಎಚ್’ (ಶ್ವಾಸಕೋಶದ ಅಪಧಮನಿಯಲ್ಲಿ ತೀವ್ರ ಒತ್ತಡ) ಎಂದೇ ಬಂದಿರುತ್ತದೆ. ಈ ತಡೆಯನ್ನು, ಅಂದರೆ ಪಿವಿಆರ್ ಅನ್ನು, ಸರಿಯಾಗಿ ಅಳೆಯುವುದು ಕ್ಯಾಥ್ ಲ್ಯಾಬಿನಲ್ಲಿ, ತೊಡೆಯ ನಾಳದಿಂದ ಸಣ್ಣ ಕೊಳವೆ ಹಾಕಿ. ಮಕ್ಕಳಲ್ಲಿ ಮೈ ವಿಸ್ತೀರ್ಣಕ್ಕೆ ಹೊಂದಿಸಿದ ಲೆಕ್ಕದಲ್ಲಿ 4ಕ್ಕಿಂತ ಕಡಿಮೆಯಿದ್ದರೆ ಮುಚ್ಚಲು ಅಡ್ಡಿಯಿಲ್ಲ, 8ಕ್ಕಿಂತ ಮೇಲಿದ್ದರೆ ಮುಚ್ಚುವ ಹಾಗಿಲ್ಲ, ನಡುವಿನದು ಅನುಭವಿ ತಂಡ ಕೂತು ತೀರ್ಮಾನಿಸುವ ವಿಷಯ. ದೊಡ್ಡವರಲ್ಲಿ ಮೈ ಅಳತೆ ಸೇರಿಸದೆ ನೋಡುತ್ತಾರೆ: 3ರ ಒಳಗಿದ್ದರೆ ಸರಿ, 3ರಿಂದ 5 ಯೋಚಿಸಬೇಕಾದದ್ದು, 5 ದಾಟಿದರೆ ಮುಚ್ಚದೆ ನಿಲ್ಲಬೇಕಾದದ್ದು.

ಆರೇಳು ತಿಂಗಳೊಳಗಿನ ಮಗು, ದೊಡ್ಡ ವಿಎಸ್‌ಡಿ, ಏದುಸಿರು, ಎಕ್ಸ್‌ರೇಯಲ್ಲಿ ಹೃದಯ ದೊಡ್ಡದು, ಆಮ್ಲಜನಕ 95ರ ಮೇಲೆ ಎಂದಿದ್ದರೆ ಕ್ಯಾಥ್ ಬೇಕಿಲ್ಲ, ನೇರ ಆಪರೇಷನ್ನೇ. ಹರಿವು ಹೆಚ್ಚಿದೆ ಎಂಬುದನ್ನು ಮಗುವಿನ ಏದುಸಿರೇ ಹೇಳುತ್ತಿರುತ್ತದೆ. ವಯಸ್ಸು ಮೀರಿದ್ದರೆ, ಆಮ್ಲಜನಕ ಕಡಿಮೆಯಿದ್ದರೆ, ಅಥವಾ ಇಷ್ಟು ದೊಡ್ಡ ರಂಧ್ರವಿದ್ದೂ ಮಗು ಆರಾಮಾಗಿದ್ದರೆ ಕ್ಯಾಥ್ ಇಲ್ಲದೆ ಮುಂದೆ ಹೋಗಬಾರದು.

ನಾಲ್ಕನೆಯದು ಮನೆಯಲ್ಲೂ ನೋಡಬಹುದಾದದ್ದು. ಪಿಡಿಎ ಇರುವವರಿಗೆ ಪಲ್ಸ್ ಆಕ್ಸಿಮೀಟರನ್ನು ಬಲಗೈ ಬೆರಳಿಗೆ ಹಾಕಿ ನೋಡಿ, ಆಮೇಲೆ ಕಾಲಿನ ಹೆಬ್ಬೆರಳಿಗೆ. ಕಾಲು ಬೆಚ್ಚಗಿರಬೇಕು, ಸಂಖ್ಯೆ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. ಕೈಯಲ್ಲಿ 97, ಕಾಲಲ್ಲಿ 88 ಬಂದರೆ ನೀಲಿ ರಕ್ತ ಆ ನಾಳದಿಂದ ಮೈಯ ಕೆಳಭಾಗಕ್ಕೆ ಹೋಗುತ್ತಿದೆ ಎಂದರ್ಥ. ಕೈಗೆ ಮಾತ್ರ ಹಾಕಿ ‘ಆಕ್ಸಿಜನ್ ನಾರ್ಮಲ್’ ಎಂದು ಬರೆದುಕೊಂಡಾಗ ಇದು ಕಣ್ತಪ್ಪಿ ಹೋಗುತ್ತದೆ.

ಕಾಯುವುದು

ಕಾಯುವುದೂ ಒಂದು ಚಿಕಿತ್ಸೆಯೇ, ಸರಿಯಾದ ರಂಧ್ರಕ್ಕಾದರೆ. ಸ್ನಾಯುಭಾಗದ ಸಣ್ಣ ವಿಎಸ್‌ಡಿಗಳು ಬಹುಪಾಲು ಮೊದಲ ಎರಡು ವರ್ಷಗಳಲ್ಲೇ ಮುಚ್ಚಿಕೊಳ್ಳುತ್ತವೆ. ಶಿಶುವಿನಲ್ಲಿ 5 ಮಿ.ಮೀ.ಗಿಂತ ಚಿಕ್ಕ ಎಎಸ್‌ಡಿಯೂ ಹಾಗೆ, 8 ಮಿ.ಮೀ. ಮೀರಿದ್ದು ಮುಚ್ಚುವ ಸಾಧ್ಯತೆ ಕಡಿಮೆ. ಗ್ರೇಡಿಯೆಂಟ್ ಹೆಚ್ಚು, ಎಡಭಾಗ ಹಿಗ್ಗಿಲ್ಲ, ತೂಕ ಏರುತ್ತಿದೆ ಎಂದರೆ ವರ್ಷಕ್ಕೊಮ್ಮೆ ಎಕೋ ಸಾಕು. ಸಣ್ಣ ವಿಎಸ್‌ಡಿಯಿಂದ ಶ್ವಾಸಕೋಶದ ಒತ್ತಡ ಬರುವುದಿಲ್ಲ. ಎಕೋ ಬಿಡಬಾರದು ಎನ್ನುವುದು ಬೇರೆ ಕಾರಣಕ್ಕೆ: ಮಹಾಪಧಮನಿಯ ಕವಾಟದ ಕೆಳಗಿರುವ ಕೆಲವು ರಂಧ್ರಗಳು ಕವಾಟದ ಎಸಳನ್ನು ಒಳಕ್ಕೆ ಎಳೆದುಕೊಂಡು ಸೋರಿಕೆ ಮಾಡುತ್ತವೆ. ಹಾಗಾದರೆ ರಂಧ್ರ ಎಷ್ಟೇ ಚಿಕ್ಕದಿರಲಿ, ಮುಚ್ಚಬೇಕು.

ದೊಡ್ಡ ವಿಎಸ್‌ಡಿಯ ಜೊತೆ ಕಾಯುವುದು ಬೇರೆಯೇ ಕಥೆ. ಹುಟ್ಟಿದಾಗ ಎಲ್ಲ ಮಕ್ಕಳ ಶ್ವಾಸಕೋಶದ ತಡೆಯೂ ಹೆಚ್ಚಿರುತ್ತದೆ, ಹಾಗಾಗಿ ರಂಧ್ರದಿಂದ ಹೆಚ್ಚು ರಕ್ತ ನುಗ್ಗುವುದಿಲ್ಲ. ಆಸ್ಪತ್ರೆಯಿಂದ ‘ಚೆನ್ನಾಗಿದೆ’ ಎಂದೇ ಮನೆಗೆ ಬಂದಿರುತ್ತದೆ. ಆರರಿಂದ ಎಂಟು ವಾರಗಳಲ್ಲಿ ತಡೆ ಇಳಿಯುತ್ತದೆ, ತೊಂದರೆ ಶುರುವಾಗುತ್ತದೆ. ಮಗು ಎರಡು ನಿಮಿಷ ಹಾಲು ಕುಡಿದು ಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಬಾಯಿ ಹಾಕುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಹಣೆಯ ಮೇಲೆ ಬೆವರಿನ ಹನಿ. ಪಕ್ಕೆಲುಬಿನ ನಡುವಿನ ಜಾಗ ಉಸಿರಿಗೊಮ್ಮೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು. ತಿಂಗಳು ಕಳೆದರೂ ತೂಕ ಅಷ್ಟೇ. ಎರಡು ಸಲ ನ್ಯುಮೋನಿಯಾ ಆಗಿರುತ್ತದೆ.

ಆಮೇಲೆ, ಎಂಟು ತಿಂಗಳಿಗೋ ವರ್ಷಕ್ಕೋ, ಕೆಲವು ಮಕ್ಕಳು ‘ಸುಧಾರಿಸುತ್ತಾರೆ’. ಬೆವರು ನಿಲ್ಲುತ್ತದೆ, ನೆಗಡಿ ಕೆಮ್ಮು ಕಡಿಮೆ, ತೂಕ ಸ್ವಲ್ಪ ಏರುತ್ತದೆ, ಎದೆಯ ಸದ್ದೂ ತಗ್ಗುತ್ತದೆ. ಮನೆಯವರಿಗೆ ಹರಕೆ ಫಲಿಸಿದಂತಾಗುತ್ತದೆ. ರಂಧ್ರ ಮುಚ್ಚಿಕೊಳ್ಳುತ್ತಿದ್ದರೆ ಹೀಗಾಗುತ್ತದೆ, ನಿಜ. ಶ್ವಾಸಕೋಶದ ನಾಳಗಳು ಗಡುಸಾಗಿ ರಕ್ತವನ್ನು ಒಳಗೆ ಬಿಡದಂತಾದಾಗಲೂ ಹೀಗೇ ಆಗುತ್ತದೆ. ಎರಡನ್ನೂ ಕಣ್ಣಿನಿಂದ ಬೇರೆ ಮಾಡಲಾಗದು, ಎಕೋ ಬೇಕೇ ಬೇಕು. ರಂಧ್ರ ಚಿಕ್ಕದಾಗಿದ್ದರೆ ಗ್ರೇಡಿಯೆಂಟ್ ಏರಿರುತ್ತದೆ. ನಾಳ ಗಡುಸಾಗಿದ್ದರೆ ಗ್ರೇಡಿಯೆಂಟ್ ತೀರಾ ಇಳಿದು, ರಕ್ತ ಎರಡೂ ದಿಕ್ಕಿಗೆ ಓಡಾಡುತ್ತಿರುತ್ತದೆ. ಎಷ್ಟೋ ಮಕ್ಕಳು ಆಪರೇಷನ್ನಿನ ಅವಕಾಶ ಕಳೆದುಕೊಳ್ಳುವುದು ಕಾಯಿಲೆ ಜೋರಾಗಿದ್ದಾಗಲ್ಲ, ಈ ನೆಮ್ಮದಿಯ ತಿಂಗಳುಗಳಲ್ಲಿ.

ಭಾರತದ ಮಕ್ಕಳ ಹೃದ್ರೋಗ ತಜ್ಞರು ಒಮ್ಮತದಿಂದ ಹೇಳಿರುವ ಕಾಲಮಿತಿ ಹೀಗಿದೆ. ದೊಡ್ಡ ವಿಎಸ್‌ಡಿ, ಒತ್ತಡ ಬಹಳ ಏರಿದ್ದರೆ 3ರಿಂದ 6 ತಿಂಗಳೊಳಗೆ. ಔಷಧಕ್ಕೂ ಬಗ್ಗದ ಏದುಸಿರಿದ್ದರೆ ಸಿಕ್ಕಷ್ಟು ಬೇಗ. ಮಧ್ಯಮ ವಿಎಸ್‌ಡಿ ಒಂದರಿಂದ ಎರಡು ವರ್ಷದೊಳಗೆ. ಪೂರ್ಣ ಎವಿಎಸ್‌ಡಿ 3 ತಿಂಗಳ ಹೊತ್ತಿಗೆ. ದೊಡ್ಡ ಪಿಡಿಎ 3ರಿಂದ 6 ತಿಂಗಳೊಳಗೆ. ಲಕ್ಷಣವಿಲ್ಲದ ಎಎಸ್‌ಡಿ 2ರಿಂದ 4 ವರ್ಷದೊಳಗೆ. ಅಷ್ಟರವರೆಗೆ ಮಗುವನ್ನು ಹಿಡಿದಿಡುವುದು ನೀರು ಇಳಿಸುವ ಫ್ಯೂರೋಸಮೈಡ್, ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 1ರಿಂದ 2 ಮಿ.ಗ್ರಾಂ., ಮತ್ತು ಕ್ಯಾಲೊರಿ ಹೆಚ್ಚಿರುವ ಆಹಾರ. ಈ ಮಕ್ಕಳಿಗೆ ದಿನಕ್ಕೆ ಕೆಜಿಗೆ 120ರಿಂದ 150 ಕ್ಯಾಲೊರಿ ಬೇಕು. ಹಾಲಿಗೆ ಏನು ಸೇರಿಸಬೇಕು ಎಂಬುದನ್ನು ವೈದ್ಯರನ್ನೇ ಕೇಳಿ, ಮನಸ್ಸಿಗೆ ಬಂದಂತೆ ಹಾಲಿನ ಪುಡಿ ಗಟ್ಟಿ ಕಲಸಬೇಡಿ.

ಡಿವೈಸ್

ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ತಂತಿಯಿಂದ ಹೆಣೆದ, ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದಂತಿರುವ ಸಾಮಾನು. ತೊಡೆಯ ರಕ್ತನಾಳದಿಂದ ಒಯ್ದು ರಂಧ್ರದ ಎರಡೂ ಕಡೆ ಬಿಚ್ಚುತ್ತಾರೆ. ಎದೆಯಲ್ಲಿ ಗಾಯವಿಲ್ಲ, ಒಂದೆರಡು ದಿನದಲ್ಲಿ ಮನೆ.

ಇದು ಚೆನ್ನಾಗಿ ಹೊಂದುವುದು ಎಎಸ್‌ಡಿಯ ಒಂದು ಬಗೆಗೆ, ಗೋಡೆಯ ನಡುಭಾಗದ ಸೆಕುಂಡಮ್ ಬಗೆಗೆ. ಅಲ್ಲೂ ರಂಧ್ರದ ಸುತ್ತ ಹಿಡಿದುಕೊಳ್ಳಲು ಸುಮಾರು 5 ಮಿ.ಮೀ. ಅಂಚು ಬೇಕು. ಪ್ರೈಮಮ್, ಸೈನಸ್ ವೀನೋಸಸ್ ಎಂದು ವರದಿಯಲ್ಲಿದ್ದರೆ ಈ ಡಿವೈಸ್ ಹೊಂದುವುದಿಲ್ಲ, ಆಪರೇಷನ್ನೇ. ‘ಹತ್ತು ಕೆಜಿ ಆಗಲಿ’ ಎಂಬ ಮಾತಿನ ಮೂಲ ಇಲ್ಲಿದೆ: ಅವಸರವಿಲ್ಲದ ಎಎಸ್‌ಡಿಯಲ್ಲಿ ಕೊಳವೆ ಸುಲಭವಾಗಿ ಹೋಗಲೆಂದು 10ರಿಂದ 15 ಕೆಜಿವರೆಗೆ ಕಾಯುವುದುಂಟು. ಆ ಮಾತನ್ನು ತಂದು ದೊಡ್ಡ ವಿಎಸ್‌ಡಿಯ ನಾಲ್ಕು ಕೆಜಿ ಮಗುವಿಗೆ ಹಚ್ಚಿದರೆ ಅನ್ಯಾಯ. ಆ ಮಗುವಿನ ತೂಕ ಏರದಿರಲು ರಂಧ್ರವೇ ಕಾರಣ. ತೂಕ ಏರಿದ ಮೇಲೆ ರಂಧ್ರ ಮುಚ್ಚುತ್ತೇವೆ ಎಂದರೆ ಎರಡೂ ಆಗುವುದಿಲ್ಲ.

ಪಿಡಿಎಗೆ ಡಿವೈಸೇ ಮೊದಲ ಆಯ್ಕೆ. ತೀರಾ ಸಣ್ಣದಕ್ಕೆ ಕಾಯಿಲ್ (ಸುರುಳಿ ತಂತಿ) ಸಾಕು. ಒತ್ತಡ ಏರಿರುವ ದೊಡ್ಡ ಪಿಡಿಎಯಲ್ಲಿ ಡಿವೈಸ್‌ಗೆ ಇನ್ನೊಂದು ದೊಡ್ಡ ಅನುಕೂಲವಿದೆ. ಬಲೂನಿನಿಂದಲೋ, ಡಿವೈಸನ್ನು ತಂತಿಯಿಂದ ಬಿಡಿಸದೆಯೋ, ನಾಳವನ್ನು ಕೆಲಹೊತ್ತು ಮುಚ್ಚಿಟ್ಟು ನೋಡಬಹುದು. ಶ್ವಾಸಕೋಶದ ಒತ್ತಡ ಇಳಿದು ಮೈಯ ಬಿಪಿ ನಿಂತರೆ ಬಿಡಿಸುತ್ತಾರೆ. ಒತ್ತಡ ಏರಿ ಬಿಪಿ ಕುಸಿದರೆ ವಾಪಸ್ ಎಳೆದುಕೊಳ್ಳುತ್ತಾರೆ. ಹೊಲಿಗೆ ಹಾಕಿದ ಮೇಲೆ ಇಂಥ ಪರೀಕ್ಷೆಗೆ ಅವಕಾಶವಿಲ್ಲ.

ವಿಎಸ್‌ಡಿಯಲ್ಲಿ ಸ್ನಾಯುಭಾಗದ ರಂಧ್ರಕ್ಕೆ ಡಿವೈಸ್ ಒಳ್ಳೆಯದು. ಪೊರೆಭಾಗದ ರಂಧ್ರಗಳಲ್ಲಿ ಕೆಲವಕ್ಕೆ ಹಾಕುತ್ತಾರೆ, ಆದರೆ ಹೃದಯದ ವಿದ್ಯುತ್ ತಂತು ಅಲ್ಲೇ ಪಕ್ಕದಲ್ಲಿ ಹೋಗುವುದರಿಂದ ಹಾರ್ಟ್ ಬ್ಲಾಕ್ (ಬಡಿತದ ಸಂಕೇತ ಕಡಿದುಹೋಗುವುದು) ಆಗುವ ಭಯವಿದೆ, ತಿಂಗಳುಗಳ ನಂತರವೂ. ಕವಾಟಕ್ಕೆ ಅಂಟಿಕೊಂಡಿರುವ ರಂಧ್ರಕ್ಕೆ ಯಾರಾದರೂ ಡಿವೈಸ್ ಸೂಚಿಸಿದರೆ ಇನ್ನೊಂದು ಅಭಿಪ್ರಾಯ ಕೇಳಿ. ಗಾಯ ಕಾಣಿಸದಿರಲಿ ಎಂಬ ಆಸೆ, ಮುಖ್ಯವಾಗಿ ಹೆಣ್ಣುಮಕ್ಕಳ ಮನೆಗಳಲ್ಲಿ, ಸಹಜವೇ; ಆದರೆ ಹೊಂದದ ಜಾಗಕ್ಕೆ ಡಿವೈಸ್ ತುರುಕಲು ಅದು ಕಾರಣವಾಗಬಾರದು.

ಎಎಸ್‌ಡಿ ಡಿವೈಸ್ ಹಾಕಿಸಿಕೊಂಡವರು ಆರು ತಿಂಗಳು ಆಸ್ಪಿರಿನ್ ತೆಗೆದುಕೊಳ್ಳಬೇಕು. ಮೊದಲ ಆರು ತಿಂಗಳು ಹಲ್ಲು ಕೀಳಿಸುವ ಮುನ್ನ ಅಮಾಕ್ಸಿಸಿಲಿನ್ ಬೇಕು: ಮಕ್ಕಳಿಗೆ ಕೆಜಿಗೆ 50 ಮಿ.ಗ್ರಾಂ., ದೊಡ್ಡವರಿಗೆ 2 ಗ್ರಾಂ, 30ರಿಂದ 60 ನಿಮಿಷ ಮುಂಚೆ. ಅಪರೂಪಕ್ಕೆ ಡಿವೈಸ್ ಜಾರುತ್ತದೆ, ಇನ್ನೂ ಅಪರೂಪಕ್ಕೆ ಗೋಡೆಯನ್ನು ಸವೆಸುತ್ತದೆ. ಎದೆನೋವು, ತಲೆಸುತ್ತು, ಹೊಸ ಏದುಸಿರು ಬಂದರೆ ಅಂದೇ ಎಕೋ.

ಅರವತ್ತು ದಾಟಿದವರ ಎಎಸ್‌ಡಿಯಲ್ಲಿ ಇನ್ನೊಂದು ಎಚ್ಚರಿಕೆ. ಹಳೆಯ ಬಿಪಿ, ಸಕ್ಕರೆಕಾಯಿಲೆಯಿಂದ ಎಡಗೋಣೆ ಬಿಗಿದಿದ್ದರೆ, ರಂಧ್ರ ಮುಚ್ಚಿದೊಡನೆ ರಕ್ತ ಹಿಂದೆ ನಿಂತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮೊದಲು ಬಲೂನಿನಿಂದ ಮುಚ್ಚಿ ಎಡ ಮೇಲಿನ ಕೋಣೆಯ ಒತ್ತಡ ನೋಡುವುದು, ಅಥವಾ ನಡುವೆ ಸಣ್ಣ ತೂತು ಬಿಟ್ಟ ಡಿವೈಸ್ ಹಾಕುವುದು ಇದಕ್ಕೆ ದಾರಿ.

ಓಪನ್ ಹಾರ್ಟ್

ದೊಡ್ಡ ವಿಎಸ್‌ಡಿ, ಎವಿಎಸ್‌ಡಿ, ಅಂಚಿಲ್ಲದ ಎಎಸ್‌ಡಿ ಇವಕ್ಕೆಲ್ಲ ಇದೇ. ಹೃದಯ-ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃದಯ ನಿಲ್ಲಿಸಿ, ತೇಪೆ ಹೊಲಿಯುತ್ತಾರೆ. ಮಗುವಿನದೇ ಹೃದಯದ ಹೊರಪೊರೆಯ ತುಂಡು ಅಥವಾ ಕೃತಕ ಬಟ್ಟೆ. ಎಲ್ಲ ಸರಿಹೋದರೆ ವಾರದಲ್ಲಿ ಮನೆ, ಎದೆಮೂಳೆ ಕೂಡಲು ಆರರಿಂದ ಎಂಟು ವಾರ. ಅಲ್ಲಿಯವರೆಗೆ ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು, ಬೆನ್ನು ಮತ್ತು ಕುಂಡೆಯ ಕೆಳಗೆ ಕೈಕೊಟ್ಟು ಎತ್ತಬೇಕು.

ಒತ್ತಡ ಏರಿದ್ದ ಮಕ್ಕಳಿಗೆ ಅಪಾಯ ಇರುವುದು ಹೊಲಿಗೆಗಿಂತ ಹೆಚ್ಚಾಗಿ ಆ ನಂತರದ ಒಂದೆರಡು ರಾತ್ರಿಗಳಲ್ಲಿ. ನೋವು, ಕೊಳವೆಯ ಕಫ ತೆಗೆಯುವಾಗಿನ ಕೆಮ್ಮು, ಆಮ್ಲಜನಕದ ಸಣ್ಣ ಇಳಿತ, ಇಷ್ಟು ಸಾಕು ಶ್ವಾಸಕೋಶದ ನಾಳಗಳು ಒಮ್ಮೆಲೇ ಬಿಗಿದುಕೊಳ್ಳಲು. ಬಿಪಿ ಕುಸಿಯುತ್ತದೆ, ಮಗು ನೀಲಿಯಾಗುತ್ತದೆ. ಇದನ್ನು ಪಲ್ಮನರಿ ಹೈಪರ್‌ಟೆನ್ಸಿವ್ ಕ್ರೈಸಿಸ್ ಎನ್ನುತ್ತಾರೆ. ನಿದ್ದೆಯ ಔಷಧ, ಆಮ್ಲಜನಕ, ಉಸಿರಿನ ಜೊತೆ ಕೊಡುವ ನೈಟ್ರಿಕ್ ಆಕ್ಸೈಡ್ ಅನಿಲ ಇವೇ ಇದಕ್ಕೆ ಉತ್ತರ. ಆದ್ದರಿಂದ ಆಸ್ಪತ್ರೆ ಆರಿಸುವಾಗ ಸರ್ಜನ್ ಹೆಸರಿನಷ್ಟೇ ಮುಖ್ಯವಾಗಿ ಮೂರು ಕೇಳಿ: ಮಕ್ಕಳದೇ ಹೃದಯ ಐಸಿಯು ಬೇರೆ ಇದೆಯೇ, ರಾತ್ರಿ ಅಲ್ಲಿ ವೈದ್ಯರು ಇರುತ್ತಾರೆಯೇ, ನೈಟ್ರಿಕ್ ಆಕ್ಸೈಡ್ ಇದೆಯೇ. ವಿಎಸ್‌ಡಿ ಮುಚ್ಚುವಾಗ ವಿದ್ಯುತ್ ತಂತುವಿಗೆ ಪೆಟ್ಟಾಗಿ ಕಾಯಂ ಪೇಸ್‌ಮೇಕರ್ ಬೇಕಾಗುವ ಸಂಭವ ನೂರರಲ್ಲಿ ಒಂದರ ಆಸುಪಾಸು.

ಗೋಡೆ ತುಂಬ ಜರಡಿಯಂತೆ ರಂಧ್ರಗಳಿದ್ದರೆ, ಅಥವಾ ಯಂತ್ರಕ್ಕೆ ಹಾಕಲಾಗದಷ್ಟು ಮಗು ನಿತ್ರಾಣವಾಗಿದ್ದರೆ, ಶ್ವಾಸಕೋಶದ ಅಪಧಮನಿಗೆ ಪಟ್ಟಿ ಕಟ್ಟಿ ಹರಿವು ಕಡಿಮೆ ಮಾಡುತ್ತಾರೆ. ನಾಳಗಳು ಉಳಿಯುತ್ತವೆ, ಸಮಯ ಸಿಗುತ್ತದೆ. ಬೆಲೆ ಏನೆಂದರೆ ಎರಡನೆಯ ಆಪರೇಷನ್. ಒಂದೇ ಸಲಕ್ಕೆ ಮುಚ್ಚಲು ಆಗುವ ಮಗುವಿಗೆ ಇದು ಬೇಡ.

ಮಾತ್ರೆ

ಇಲ್ಲಿ ಖಂಡಿತವಾಗಿ ಹೇಳಬೇಕು: ದೊಡ್ಡ ರಂಧ್ರ, ಹೆಚ್ಚು ಹರಿವು, ಏದುಸಿರು ಇರುವ ಶಿಶುವಿಗೆ ಸಿಲ್ಡೆನಾಫಿಲ್ ಕೊಟ್ಟು ಕಾಯುವುದು ಚಿಕಿತ್ಸೆಯಲ್ಲ. ಅದು ಶ್ವಾಸಕೋಶದ ನಾಳ ಹಿಗ್ಗಿಸುತ್ತದೆ, ರಂಧ್ರದಿಂದ ಇನ್ನಷ್ಟು ರಕ್ತ ನುಗ್ಗುತ್ತದೆ, ಏದುಸಿರು ಹೆಚ್ಚಾಗುತ್ತದೆ. ಎಕೋದಲ್ಲಿ ‘ಪಿಎಎಚ್’ ಕಂಡೊಡನೆ ಈ ಮಾತ್ರೆ ಬರೆದುಕೊಟ್ಟು ಆರು ತಿಂಗಳಿಗೆ ಬರಹೇಳುವುದನ್ನು ಒಪ್ಪಿಕೊಳ್ಳಬೇಡಿ. ‘ಮುಚ್ಚಲು ಯಾಕೆ ಆಗುವುದಿಲ್ಲ’ ಎಂದು ಕೇಳಿ.

ಮಾತ್ರೆಗೆ ಸರಿಯಾದ ಜಾಗ ಮೂರು. ತಡೆ ನಡುವಿನ ಹಂತದಲ್ಲಿರುವವರಿಗೆ, ತಜ್ಞ ಕೇಂದ್ರದ ನಿಗಾದಲ್ಲಿ ಕೆಲವು ತಿಂಗಳು ಕೊಟ್ಟು ಮತ್ತೆ ಕ್ಯಾಥ್ ಮಾಡಿ, ಇಳಿದಿದ್ದರೆ ಮುಚ್ಚುವುದು. ಹೀಗೆ ಮುಚ್ಚುವಾಗ ತೇಪೆಯಲ್ಲಿ ಸಣ್ಣ ತೂತು ಬಿಟ್ಟರೆ ಒತ್ತಡ ಏರಿದಾಗ ಹೊರದಾರಿ ಇರುತ್ತದೆ. ಮುಚ್ಚಿದ ಮೇಲೂ ಒತ್ತಡ ಉಳಿದವರಿಗೆ. ಮತ್ತು ಐಸೆನ್‌ಮೆಂಗರ್ ಆಗಿಬಿಟ್ಟವರಿಗೆ.

ಸಿಲ್ಡೆನಾಫಿಲ್ ದೊಡ್ಡವರಿಗೆ 20 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಟಡಾಲಾಫಿಲ್ 40 ಮಿ.ಗ್ರಾಂ. ದಿನಕ್ಕೊಮ್ಮೆ. ಎರಡೂ ಇಲ್ಲಿ ಜೆನೆರಿಕ್ ಆಗಿ ಸಿಗುತ್ತವೆ, ಬೆಲೆ ಕೈಗೆಟುಕುತ್ತದೆ. ಗಂಡಸರ ಲೈಂಗಿಕ ತೊಂದರೆಗೆ ಕೊಡುವ ಔಷಧವೇ ಇದು ಎಂದು ಮೆಡಿಕಲ್ ಶಾಪಿನಲ್ಲಿ ಸಂಕೋಚಪಟ್ಟು ನಿಲ್ಲಿಸಿಬಿಡುವ ಹೆಂಗಸರಿದ್ದಾರೆ. ಶ್ವಾಸಕೋಶಕ್ಕೂ ಇದೇ ಔಷಧ, ಚೀಟಿ ತೋರಿಸಿ ಕೇಳಿ. ಇವೆರಡರ ಜೊತೆ ಎದೆನೋವಿಗೆ ನಾಲಗೆ ಕೆಳಗಿಡುವ ಸಾರ್ಬಿಟ್ರೇಟ್ ತೆಗೆದುಕೊಂಡರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಇಳಿಯುತ್ತದೆ. ಬೊಸೆಂಟಾನ್ 62.5 ಮಿ.ಗ್ರಾಂ.ನಿಂದ ಶುರುಮಾಡಿ ನಾಲ್ಕು ವಾರದ ಮೇಲೆ 125ಕ್ಕೆ ಏರಿಸುತ್ತಾರೆ, ದಿನಕ್ಕೆ ಎರಡು ಸಲ. ಐಸೆನ್‌ಮೆಂಗರ್ ರೋಗಿಗಳಲ್ಲಿ ಇದರಿಂದ ನಡೆಯುವ ಶಕ್ತಿ ಹೆಚ್ಚುತ್ತದೆ ಎಂಬುದು 2006ರಲ್ಲಿ ಪ್ರಕಟವಾದ ಬ್ರೀದ್-5 ಪ್ರಯೋಗದಲ್ಲಿ ಕಂಡಿದೆ. ಖರ್ಚು ಹೆಚ್ಚು, ಪ್ರತಿ ತಿಂಗಳು ಲಿವರ್ ಪರೀಕ್ಷೆ ಬೇಕು, ಗರ್ಭದ ಮಗುವಿಗೆ ಹಾನಿ, ಗರ್ಭನಿರೋಧಕ ಗುಳಿಗೆಯ ಬಲವನ್ನೂ ತಗ್ಗಿಸುತ್ತದೆ. ಯಾವುದನ್ನೇ ಆಗಲಿ ಒಮ್ಮೆಲೇ ನಿಲ್ಲಿಸಬಾರದು. ಊರಿಗೆ, ಜಾತ್ರೆಗೆ ಹೋಗುವಾಗ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇರಲಿ.

ಮುಚ್ಚಬಾರದು ಎಂದಾಗ

ಐಸೆನ್‌ಮೆಂಗರ್ ಆದವರಿಗೆ ಆ ರಂಧ್ರವೇ ಹೊರದಾರಿ. ಶ್ವಾಸಕೋಶದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರುವ ಬಲಗೋಣೆ ಅದರಿಂದ ಸ್ವಲ್ಪ ಭಾರ ಇಳಿಸಿಕೊಳ್ಳುತ್ತದೆ. ಮುಚ್ಚಿದರೆ ಬಲಗೋಣೆ ಸೋಲುತ್ತದೆ. ‘ಅಲ್ಲಿ ಆಗಲ್ಲ ಅಂದರು, ಇಲ್ಲಿ ಮಾಡ್ತೀವಿ ಅಂತಾರೆ’ ಎಂದು ಆಸ್ಪತ್ರೆ ಸುತ್ತುವ ಮೊದಲು ಎರಡೂ ಕಡೆಯ ಪಿವಿಆರ್ ಸಂಖ್ಯೆ ಇಟ್ಟು ನೋಡಿ. ದೊಡ್ಡವರಲ್ಲಿ ರಂಧ್ರ ತೀರಾ ಚಿಕ್ಕದಿದ್ದು, ವಿಎಸ್‌ಡಿ 1 ಸೆಂ.ಮೀ.ಗಿಂತ, ಎಎಸ್‌ಡಿ 2 ಸೆಂ.ಮೀ.ಗಿಂತ ಕಡಿಮೆಯಿದ್ದು, ಒತ್ತಡ ಮಾತ್ರ ಬಹಳವಿದ್ದರೂ ಹೀಗೇ. ಅಲ್ಲಿ ಒತ್ತಡಕ್ಕೆ ಕಾರಣ ಆ ರಂಧ್ರವಲ್ಲ, ಮುಚ್ಚಿದರೆ ಕೆಡುಕು.

ಇವರು ಸರಿಯಾದ ನಿಗಾದಲ್ಲಿ ಬಹಳ ವರ್ಷ ಬದುಕುತ್ತಾರೆ, ಕೆಲವು ವಿಷಯಗಳಲ್ಲಿ ಮಾತ್ರ ಪಟ್ಟು ಬಿಡಬಾರದು. ಹಿಮೋಗ್ಲೋಬಿನ್ 18, 20 ಬಂದಿತೆಂದು ರಕ್ತ ತೆಗೆಸಬಾರದು. ಆಮ್ಲಜನಕದ ಕೊರತೆ ತುಂಬಲು ಮೈ ಮಾಡಿಕೊಂಡ ಏರ್ಪಾಡು ಅದು. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 65 ದಾಟಿ, ತಲೆನೋವು, ಕಣ್ಣು ಮಂಜು ಇದ್ದು, ನೀರಿನಂಶ ಕೊಟ್ಟರೂ ಇಳಿಯದಿದ್ದರಷ್ಟೇ ತೆಗೆಸುವ ಮಾತು. ಹಿಮೋಗ್ಲೋಬಿನ್ ಹೆಚ್ಚಿದ್ದೂ ಕಬ್ಬಿಣದ ಕೊರತೆ ಇರಬಹುದು, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ಹೇಳುವ ಪರೀಕ್ಷೆ) ನೋಡಿಸಿ. ಡ್ರಿಪ್ ಹಾಕುವಾಗ ಕೊಳವೆಯಲ್ಲಿ ಒಂದು ಗಾಳಿಗುಳ್ಳೆಯೂ ಇರಬಾರದು, ರಂಧ್ರದಿಂದ ನೇರ ಮಿದುಳಿಗೆ ಹೋಗಬಹುದು. ಏರ್ ಫಿಲ್ಟರ್ ಕೇಳಿ. ವಾಂತಿಭೇದಿಯಾದರೆ ಕೂಡಲೇ ಓಆರ್‌ಎಸ್. ಗರ್ಭ ಧರಿಸಿದರೆ ತಾಯಿಯ ಜೀವಕ್ಕೇ ತೀವ್ರ ಅಪಾಯ. ಮದುವೆ ಮಾತುಕತೆಯಲ್ಲಿ ಮುಚ್ಚಿಡುವ ವಿಷಯ ಇದಲ್ಲ, ಈಸ್ಟ್ರೋಜನ್ ಇಲ್ಲದ ಗರ್ಭನಿರೋಧಕದ ಬಗ್ಗೆ ಮೊದಲೇ ಮಾತಾಡಿಕೊಳ್ಳಬೇಕು.

ಖರ್ಚು ಮತ್ತು ಸರದಿ

ಡಿವೈಸ್‌ನಲ್ಲಿ ಖರ್ಚಿನ ದೊಡ್ಡ ಪಾಲು ಆ ಸಾಮಾನಿನದು, ಆಪರೇಷನ್‌ನಲ್ಲಿ ಐಸಿಯು ದಿನಗಳದು. ಖಾಸಗಿಯಲ್ಲಿ ಮಾಡಿಸುವವರು ಎಸ್ಟಿಮೇಟನ್ನು ಬರಹದಲ್ಲಿ ಪಡೆಯಿರಿ: ಐಸಿಯು ಎರಡು ದಿನ ಹೆಚ್ಚಾದರೆ ಎಷ್ಟು, ನೈಟ್ರಿಕ್ ಆಕ್ಸೈಡ್ ಗಂಟೆಗೆ ಎಷ್ಟು, ಡಿವೈಸ್ ಅಳತೆ ಹೊಂದದೆ ಇನ್ನೊಂದು ತೆರೆದರೆ ಯಾರ ಲೆಕ್ಕ. ಒತ್ತಡ ಏರಿರುವ ಮಗುವಿನ ಬಿಲ್ ಜಾರುವುದು ಇಲ್ಲೇ.

ಕರ್ನಾಟಕದಲ್ಲಿ ಸಾಲ ಮಾಡುವ ಮೊದಲು ನೋಡಬೇಕಾದ ಬಾಗಿಲುಗಳಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗೆ. ಹುಟ್ಟಿನಿಂದ ಬಂದ ಹೃದಯದ ದೋಷ ಅದರ ಪಟ್ಟಿಯಲ್ಲಿದೆ. ಅಂಗನವಾಡಿ, ಶಾಲೆಗೆ ಬರುವ ತಂಡ ಅಥವಾ ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆ ಬೇಗ ಗುರುತಿಸಿ ನೆರವಾಗುವ) ಕೇಂದ್ರದಿಂದ ಕಾಗದ ಶುರುಮಾಡಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಸಂಸ್ಥೆ ಸರ್ಕಾರದ್ದು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣ ಪಡೆಯುವುದಿಲ್ಲ.

ಉಚಿತ ಎಂದರೆ ಸರದಿಯೂ ಇರುತ್ತದೆ. ಇಲ್ಲಿ ಮೇಲಿನ ಕಾಲಮಿತಿ ನೆನಪಿರಲಿ. ಮೂರು ವರ್ಷದ ಎಎಸ್‌ಡಿ ಮಗುವಿಗೆ ಎಂಟು ತಿಂಗಳ ನಂತರದ ದಿನಾಂಕ ಕೊಟ್ಟರೆ ಒಪ್ಪಿಕೊಳ್ಳಿ, ದುಡ್ಡು ಉಳಿಯುತ್ತದೆ, ನಷ್ಟವೇನಿಲ್ಲ. ನಾಲ್ಕು ತಿಂಗಳ, ದೊಡ್ಡ ವಿಎಸ್‌ಡಿಯ ಮಗುವಿಗೆ ಅದೇ ದಿನಾಂಕ ಕೊಟ್ಟರೆ ಒಪ್ಪಬೇಡಿ. ಚೀಟಿಯ ಮೇಲೆ ‘ತುರ್ತು’ ಎಂದು ಬರೆಸಿ. ಆಗದಿದ್ದರೆ ಯೋಜನೆಯ ಪಟ್ಟಿಯಲ್ಲಿರುವ ಇನ್ನೊಂದು ಆಸ್ಪತ್ರೆಗೆ ಅಂದೇ ರೆಫರಲ್ ಕೇಳಿ. ಹತ್ತಿರದ ಉಚಿತ ಸರದಿಗಿಂತ ದೂರದ ಬೇಗನೆಯ ಸರದಿ ಆ ಮಗುವಿಗೆ ಒಳ್ಳೆಯದು.

ಮುಚ್ಚಿಸಿದ ಮೇಲೆ ಒಂದು ತಿಂಗಳು, ಆರು ತಿಂಗಳು, ವರ್ಷಕ್ಕೆ ಎಕೋ. ಒತ್ತಡ ಏರಿದ್ದವರು ಅದರ ಮೇಲೂ ಬಿಡಬಾರದು. ಕೆಲವರಲ್ಲಿ ರಂಧ್ರ ಹೋದರೂ ಒತ್ತಡ ಉಳಿಯುತ್ತದೆ, ಇನ್ನು ಕೆಲವರಲ್ಲಿ ವರ್ಷಗಳಾದ ಮೇಲೆ ಮರಳುತ್ತದೆ. ಓಡುವಾಗ ಮಗು ಕಣ್ಣು ಕತ್ತಲಿಟ್ಟು ಬಿದ್ದರೆ ‘ಬಿಸಿಲು’ ಎಂದುಕೊಳ್ಳದೆ ತಡಮಾಡದೆ ತೋರಿಸಿ. ಮುಚ್ಚುವ ಮುಂಚಿನ ಎಕೋ, ಕ್ಯಾಥ್ ವರದಿ, ಡಿಸ್ಚಾರ್ಜ್ ಸಮರಿ, ಡಿವೈಸ್ ಹಾಕಿದ್ದರೆ ಅದರ ಅಳತೆ ಮತ್ತು ನಂಬರಿರುವ ಸ್ಟಿಕ್ಕರ್, ಇಷ್ಟನ್ನೂ ಒಂದೇ ಫೈಲಿನಲ್ಲಿಡಿ, ಫೋನಿನಲ್ಲಿ ಫೋಟೊ ಇರಲಿ. ಇಪ್ಪತ್ತು ವರ್ಷದ ಮೇಲೆ ಆ ಮಗಳು ಗರ್ಭಿಣಿಯಾಗಿ ಬೇರೆ ಊರಿನ ವೈದ್ಯರ ಮುಂದೆ ಕೂತಾಗ ಅವರು ಮೊದಲು ಕೇಳುವುದು ಆ ಹಳೆಯ ಪಿವಿಆರ್ ಸಂಖ್ಯೆಯನ್ನು.